ಎಂಟರ ಅರ್ಧ ಮೂರು!

"ಎಂಟರ ಅರ್ಧ ಎಷ್ಟು?" ಎಂದು ಕೇಳಿದ್ದೆ. ಎರಡನೇ ತರಗತಿಯ ಆ ಹುಡುಗ ಸ್ವಲ್ಪ ಹೊತ್ತು ಸ್ಲೇಟಿನ ಮೇಲೆ ಏನೋ ಗೀಚಿ, ಥಟ್ಟನೆ ಅದನ್ನು ಎತ್ತಿ ಹಿಡಿದು "ಮೂರು ಮಿಸ್" ಎಂದ.

ನನಗೆ ನಗು ತಡೆಯಲಾಗಲಿಲ್ಲ. ಮಿಸ್ ನಕ್ಕರೆಂದ ಮೇಲೆ ಮಕ್ಕಳು ಸುಮ್ಮನಿರುತ್ತಾರೆಯೇ? ತರಗತಿಗೆ ತರಗತಿಯೇ ಗೊಳ್ಳೆಂದಿತು. ಅವನು ಸ್ಲೇಟನ್ನು ಮೆಲ್ಲಗೆ ಕೆಳಗಿಟ್ಟು, ಅಂಗಿಯ ತೋಳಿನಿಂದ ಒರೆಸಿದ. ಒರೆಸುವ ಮುಂಚೆ ನನ್ನ ಕಣ್ಣಿಗೆ ಅದು ಬಿದ್ದಿತ್ತು. 8 ಎಂದು ದೊಡ್ಡದಾಗಿ ಬರೆದು, ನೆತ್ತಿಯಿಂದ ಬುಡದವರೆಗೆ ಒಂದು ಗೆರೆ ಎಳೆದಿದ್ದ. ಗೆರೆಯ ಬಲಕ್ಕೆ ಉಳಿದದ್ದು ಅಚ್ಚುಕಟ್ಟಾದ 3. ಪಕ್ಕದ ಹುಡುಗಿ ಅಡ್ಡಗೆರೆ ಎಳೆದಿದ್ದಳು. ಅವಳ ಉತ್ತರ ಸೊನ್ನೆ. ಅವಳು ಜಾಣೆ, ನಗು ಕೇಳಿದ್ದೇ ಸ್ಲೇಟು ಮುಚ್ಚಿಕೊಂಡಳು. ಕನ್ನಡದ ೮ ಬರೆಸಿದ್ದರೆ ಇನ್ನೇನು ಉತ್ತರ ಬರುತ್ತಿತ್ತೋ!

ಇದು ನಡೆದು ಎಷ್ಟೋ ವರ್ಷವಾಯಿತು. ನಾನಾಗ ತೆಂಗಿನ ಸೀಮೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿದ್ದೆ. ನಲಿ-ಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದರು. ಆ ದಿನದ ನಗು ಆ ದಿನಕ್ಕೇ ಮುಗಿಯಿತೆಂದು ನಾನು ತಿಳಿದಿದ್ದೆ. ಮುಗಿದಿರಲಿಲ್ಲ. ಮಕ್ಕಳು ಅವನಿಗೆ "ಎಂಟ್‌ಮೂರು" ಎಂದು ಅಡ್ಡಹೆಸರಿಟ್ಟಿದ್ದರು. ಲೆಕ್ಕದ ಹೊತ್ತು ಬಂತೆಂದರೆ ಅವನು ಸ್ಲೇಟು ಎತ್ತುವುದನ್ನೇ ಬಿಟ್ಟ. ಕೇಳಿದರೆ ತಲೆ ತಗ್ಗಿಸುವುದು, ಗದರಿದರೆ ಕಣ್ಣು ತುಂಬಿಕೊಳ್ಳುವುದು. ಆಮೇಲೆ ವಾರಕ್ಕೆ ಎರಡು ದಿನ ಶಾಲೆಗೇ ಚಕ್ಕರ್ ಹೊಡೆಯತೊಡಗಿದ. "ಈ ಹುಡುಗನಿಗೆ ಲೆಕ್ಕ ಹತ್ತೋದಿಲ್ಲ" ಎಂದು ನಾನು ಮನಸ್ಸಿನಲ್ಲೇ ತೀರ್ಪು ಬರೆದು ಮುಗಿಸಿದ್ದೆ.

ಕಾಯಿ ರಾಶಿಯ ಮುಂದೆ

ಅವನು ಮೂರು ದಿನ ಬಾರದೇ ಇದ್ದಾಗ, ಶಾಲೆ ಬಿಟ್ಟ ಮೇಲೆ ಅವನ ಮನೆಯ ಕಡೆ ಹೋದೆ. ಮನೆಗೆ ಬೀಗ. ಅಪ್ಪ ಅವ್ವ ಇಬ್ಬರೂ ಊರಾಚೆಯ ತೋಟದಲ್ಲಿದ್ದಾರೆಂದು ಪಕ್ಕದ ಮನೆಯವರು ಹೇಳಿದರು. ಅಲ್ಲಿಗೇ ಹೋದೆ. ಅಪ್ಪ ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಕುಕ್ಕಿ ಮಟ್ಟೆ ಸುಲಿಯುತ್ತಿದ್ದ. ಅವ್ವ ಮಟ್ಟೆಯನ್ನು ಒಂದು ಕಡೆ ಒಟ್ಟುತ್ತಿದ್ದಳು. ನಮ್ಮ ಹುಡುಗ ಸುಲಿದ ಕಾಯಿಗಳನ್ನು ಎಣಿಸಿ ರಾಶಿಗೆ ಎಸೆಯುತ್ತಿದ್ದ. ಎಡಗೈಯಲ್ಲಿ ಒಂದು, ಬಲಗೈಯಲ್ಲಿ ಒಂದು. ಎರಡೂ ಕೈ ಒಟ್ಟಿಗೆ ಬೀಸಿದರೆ ಒಂದು ಎಣಿಕೆ. "ಲಾಭ... ಎರಡು... ಮೂರು..." ಎಂದು ರಾಗವಾಗಿ ಹೇಳುತ್ತಿದ್ದ. ನಮ್ಮ ಕಡೆ ರಾಶಿ ಅಳೆಯುವಾಗ, ಎಣಿಸುವಾಗ 'ಒಂದು' ಎನ್ನುವುದಿಲ್ಲ, 'ಲಾಭ' ಎಂದೇ ಶುರು ಮಾಡುವುದು.

ನನ್ನನ್ನು ಕಂಡವನೇ ಅವರಪ್ಪನ ಬೆನ್ನ ಹಿಂದೆ ಸರಿದ. "ಎಣಿಸು ಮಗ, ನಿಲ್ಲಿಸಬೇಡ" ಎಂದೆ. ಇಪ್ಪತ್ತರವರೆಗೆ ಎಣಿಸಿ ನಿಂತ.

"ಎಷ್ಟಾಯ್ತು?"

"ಇಪ್ಪತ್ತು ಜೊತೆ ಮಿಸ್."

"ಅಂದ್ರೆ ಕಾಯಿ ಎಷ್ಟು?"

"ನಲವತ್ತು." ಒಂದು ಕ್ಷಣವೂ ಯೋಚಿಸಲಿಲ್ಲ.

ನನಗೆ ಕುತೂಹಲ ಹುಟ್ಟಿತು. "ದೇವಸ್ಥಾನಕ್ಕೆ ಹದಿನೈದು ಕಾಯಿ ಕೊಡಬೇಕು ಅಂದ್ಕೋ. ಎಷ್ಟು ಜೊತೆ ಎತ್ತಿಕೊಳ್ತೀಯ?"

"ಏಳು ಜೊತೆ, ಮೇಲೊಂದು ಒಂಟಿ."

"ಎಂಟು ಕಾಯಿ ಬೇಕಾದ್ರೆ?"

"ನಾಕು ಜೊತೆ."

"ಹಾಗಾದ್ರೆ ಎಂಟರ ಅರ್ಧ ಎಷ್ಟೋ?"

ಅವನ ಮುಖ ಬಾಡಿತು. ನೆಲ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದ: "ಅದು ಸ್ಕೂಲ್ ಲೆಕ್ಕ ಅಲ್ವಾ ಮಿಸ್?"

ಆ ಮಾತು ನನ್ನನ್ನು ಅಲ್ಲೇ ನಿಲ್ಲಿಸಿಬಿಟ್ಟಿತು. ಎರಡರಷ್ಟು ಮಾಡುವುದು, ಅರ್ಧ ಮಾಡುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ನನ್ನ ಮಾತು. ಅವನಿಗೆ ಗೊತ್ತಿರುವ ಕೆಲಸಕ್ಕೂ ನನ್ನ 'ಅರ್ಧ' ಎಂಬ ಮಾತಿಗೂ ನಡುವೆ ಒಂದು ಸಂಕ ಹಾಕುವುದು ಯಾರ ಕೆಲಸ? ನನ್ನದೇ ತಾನೇ? ಅದನ್ನು ಬಿಟ್ಟು ನಾನು ನಕ್ಕಿದ್ದೆ.

ಎಡಗೈ ರಾಶಿ, ಬಲಗೈ ರಾಶಿ

ಅಲ್ಲೇ ತೋಟದಲ್ಲಿ ಎಂಟು ಕಾಯಿ ತೆಗೆದುಕೊಂಡು ಕೂತೆವು. "ಒಂದೊಂದು ಜೊತೆ ಎತ್ತು. ಎಡಗೈ ಕಾಯಿ ಎಡಕ್ಕಿಡು, ಬಲಗೈ ಕಾಯಿ ಬಲಕ್ಕಿಡು" ಎಂದೆ. ನಾಲ್ಕು ಸಲ ಎತ್ತಿ ಇಟ್ಟ. ಎಡಕ್ಕೆ ನಾಲ್ಕು ಕಾಯಿ, ಬಲಕ್ಕೆ ನಾಲ್ಕು ಕಾಯಿ. "ಈ ಎಡಗಡೆ ರಾಶಿ ನಿಂದು, ಬಲಗಡೆದು ನಂದು. ಯಾರಿಗೆ ಜಾಸ್ತಿ ಬಂತು?" "ಇಬ್ರಿಗೂ ಸಮ." "ಇಬ್ಬರಿಗೂ ಸಮ ಬಂದ್ರೆ ಒಂದು ಪಾಲಿಗೆ ಅರ್ಧ ಅಂತಾರೆ ಕಣೋ. ಎಂಟರಲ್ಲಿ ನಿನ್ನ ಪಾಲು ಎಷ್ಟು?" "ನಾಕು!"

ಅಷ್ಟೇ. ಐದು ನಿಮಿಷದ ಕೆಲಸ. ಆಮೇಲೆ ಅವನೇ "ಇಪ್ಪತ್ತರ ಅರ್ಧ ಹತ್ತು, ಹನ್ನೆರಡರ ಅರ್ಧ ಆರು" ಎಂದು ಹೇಳುತ್ತ ಹೋದ. ಎರಡೂ ರಾಶಿಯನ್ನು ಮತ್ತೆ ಕೂಡಿಸಿ "ಆರರ ಡಬಲ್ ಹನ್ನೆರಡು" ಎಂದು ತಾನೇ ತಿರುಗಿಸಿದ. ಒಂದೇ ಬಾಗಿಲಿನಿಂದ ಒಳಗೆ ಹೋಗುವುದೂ ಹೊರಗೆ ಬರುವುದೂ ಇದ್ದಂತೆ, ಎರಡರಷ್ಟು ಮಾಡುವುದೂ ಅರ್ಧ ಮಾಡುವುದೂ ಒಂದೇ ದಾರಿ. ಅದನ್ನು ಎರಡು ಬೇರೆ ಪಾಠ ಮಾಡಿ, ನಡುವೆ ತಿಂಗಳುಗಟ್ಟಲೆ ಅಂತರ ಬಿಟ್ಟು ಕಲಿಸುತ್ತಿದ್ದವಳು ನಾನು.

ಮಾರನೆಯ ದಿನ ಅವನು ಶಾಲೆಗೆ ಬಂದ. ಮಕ್ಕಳ ಮುಂದೆ ನಾನು ಒಂದು ಮಾತು ಹೇಳಬೇಕಿತ್ತು, ಹೇಳಿದೆ: "ಅವತ್ತು ನಾನು ನಕ್ಕಿದ್ದು ತಪ್ಪು. ಸ್ಲೇಟಿನ ಮೇಲಿದ್ದ 8 ಬರೀ ಗೆರೆ. ಗೆರೆಯನ್ನು ಕತ್ತರಿಸಿದರೆ 3 ಬರೋದು ನಿಜವೇ. ಎಂಟು ಕಾಯಿ ಕೊಟ್ಟು ಕೇಳಬೇಕಿತ್ತು, ನಾನು ಕೊಡಲಿಲ್ಲ." ಆಮೇಲೆ ಅವನ ಕೈಯಲ್ಲೇ ಹುಣಸೆಬೀಜ ಎಣಿಸಿ ಎಲ್ಲರಿಗೂ ತೋರಿಸಿದೆವು. 'ಎಂಟ್‌ಮೂರು' ಎಂಬ ಹೆಸರು ಒಂದೇ ದಿನಕ್ಕೆ ಹೋಗಲಿಲ್ಲ. ಆದರೆ ಅವನು ಸ್ಲೇಟು ಎತ್ತತೊಡಗಿದ.

ಮಗ್ಗಿ ಬಂದ ಮಗು

ಇದರ ತಿರುವು ಕಥೆಯೂ ಒಂದಿದೆ. ಅದೇ ವರ್ಷ ದಸರಾ ರಜೆಗೆ ನನ್ನ ತಂಗಿಯ ಮೊಮ್ಮಗಳು ಬೆಂಗಳೂರಿನಿಂದ ಬಂದಿದ್ದಳು. ಅವಳೂ ಎರಡನೇ ಕ್ಲಾಸು. ಬಂದವಳೇ ಎರಡರ ಮಗ್ಗಿ, ಮೂರರ ಮಗ್ಗಿ, ಐದರ ಮಗ್ಗಿಯನ್ನು ಉಸಿರು ಬಿಡದೆ ಒಪ್ಪಿಸಿದಳು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಸಂಜೆ ಹದಿನಾಲ್ಕು ಚಕ್ಕುಲಿ ತಟ್ಟೆಗೆ ಹಾಕಿ, "ನೀನೂ ನಿನ್ನ ತಮ್ಮನೂ ಅರ್ಧರ್ಧ ತಗೊಳ್ಳಿ ಪುಟ್ಟಿ. ನಿನಗೆಷ್ಟು ಬರುತ್ತೆ?" ಎಂದೆ. ಅವಳು ಕಣ್ಣು ಮೇಲೆ ಮಾಡಿ ಯೋಚಿಸಿ, "ಅಜ್ಜಿ, ಅರ್ಧದ ಮಗ್ಗಿ ಇನ್ನೂ ಹೇಳಿಕೊಟ್ಟಿಲ್ಲ" ಎಂದಳು. ಅಷ್ಟರಲ್ಲಿ ಯುಕೆಜಿಯ ತಮ್ಮ "ನಂಗೊಂದು, ನಿಂಗೊಂದು" ಎನ್ನುತ್ತ ತಟ್ಟೆಯನ್ನೇ ಪಾಲು ಮಾಡಿ ಮುಗಿಸಿದ್ದ.

"ಎರಡು ಏಳಲಿ ಹದಿನಾಲ್ಕು" ಎಂದು ಮಧ್ಯಾಹ್ನ ತಾನೇ ಹಾಡಿದ್ದು ಅವಳಿಗೆ ನೆನಪಾಗಲಿಲ್ಲ. ಹಳ್ಳಿಯ ಹುಡುಗನಿಗೆ ಕೆಲಸ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ. ಪೇಟೆಯ ಹುಡುಗಿಗೆ ಮಾತು ಗೊತ್ತಿತ್ತು, ಕೆಲಸ ಗೊತ್ತಿರಲಿಲ್ಲ. ಇಬ್ಬರ ಹತ್ತಿರವೂ ಇದ್ದದ್ದು ಅರ್ಧವೇ! ಮಗ್ಗಿ ಬೇಡವೆಂದು ನಾನು ಹೇಳುವುದಿಲ್ಲ. ನಾಲಿಗೆಗೆ ಬರುವ ಮುಂಚೆ ಅದು ಕೈಗೆ ಬರಲಿ ಎನ್ನುತ್ತೇನೆ. ಮೊದಲು ವಸ್ತು, ಆಮೇಲೆ ಚಿತ್ರ, ಆಮೇಲೆ ಮಾತು, ಕೊನೆಗೆ ಅಂಕಿ. ಈ ನಾಲ್ಕು ಮೆಟ್ಟಿಲಲ್ಲಿ ಒಂದನ್ನೂ ಹಾರಿಸಬಾರದು.

ಮಾತಿನಲ್ಲೇ ಇರುವ ಲೆಕ್ಕ

ನಮ್ಮ ಭಾಷೆಯೂ ಇದಕ್ಕೆ ನೆರವಾಗುತ್ತದೆ. ಪಾಠದ ಪುಸ್ತಕದಲ್ಲಿ 'ಎರಡರಷ್ಟು' ಎಂದಿರುತ್ತದೆ, ದೊಡ್ಡವರು 'ದುಪ್ಪಟ್ಟು' ಎನ್ನುತ್ತಾರೆ, ಮಕ್ಕಳ ಬಾಯಲ್ಲಿ 'ಡಬಲ್'. ನನಗೆ ಇಷ್ಟವಾದದ್ದು 'ಇಮ್ಮಡಿ'. ಪಂಚೆಯನ್ನೋ ಸೀರೆಯನ್ನೋ ಒಂದು ಸಲ ಮಡಿಚಿದರೆ ಎರಡು ಪದರ. ಅದೇ ಇಮ್ಮಡಿ. ಇದನ್ನು ಹೇಳಿದ ದಿನ ಮೂರನೇ ತರಗತಿಯ ಒಬ್ಬಳು ಎದ್ದು ನಿಂತು, "ಹಾಗಾದ್ರೆ ಇಮ್ಮಡಿ ಪುಲಕೇಶಿ ಅಂದ್ರೆ ಡಬಲ್ ಪುಲಕೇಶಿನಾ ಮಿಸ್?" ಎಂದು ಕೇಳಿದಳು. ಈ ಸಲವೂ ನಗು ಬಂತು, ಆದರೆ ನಾನು ನಗಲಿಲ್ಲ. ಅಲ್ಲಿ ಅದು 'ಎರಡನೆಯ' ಎಂಬ ಅರ್ಥ, ಆ ಹೆಸರಿನ ಎರಡನೇ ದೊರೆ ಎಂದು ಬಿಡಿಸಿ ಹೇಳಿದೆ. ಪ್ರಶ್ನೆ ಕೇಳಿದ್ದಕ್ಕೆ ಶಭಾಶ್ ಎಂದೂ ಹೇಳಿದೆ.

'ಅರ್ಧ' ಎಂಬ ಮಾತಿನಲ್ಲಿ ಮಾತ್ರ ಒಂದು ತೊಡಕಿದೆ. ಮಕ್ಕಳ ಪಾಲಿಗೆ ಮುರಿದ ತುಂಡೆಲ್ಲ ಅರ್ಧವೇ. "ದೊಡ್ಡ ಅರ್ಧ ನಂಗೆ!" ಎಂದು ಅವರು ಜಗಳವಾಡುವುದನ್ನು ಯಾವ ಮನೆಯಲ್ಲಿ ಕೇಳಿಲ್ಲ? ಪೆಪ್ಪರಮಿಂಟನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ 'ಕಾಗೆ ಎಂಜಲು' ಮಾಡಿ ಹಂಚಿಕೊಂಡದ್ದು ನಮಗೆಲ್ಲ ನೆನಪಿದೆ. ಆ ತುಂಡುಗಳು ಯಾವತ್ತೂ ಸಮ ಇರುತ್ತಿರಲಿಲ್ಲ. ಅರ್ಧ ಎಂದರೆ ಎರಡೂ ಪಾಲು ಸಮ ಇರಲೇಬೇಕು ಎಂಬುದನ್ನು ಕಲಿಸಲು ಒಂದು ಹಳೆಯ ಉಪಾಯವಿದೆ: ಒಬ್ಬರು ಮುರಿಯಬೇಕು, ಇನ್ನೊಬ್ಬರು ಆರಿಸಿಕೊಳ್ಳಬೇಕು. ಬಾಳೆಹಣ್ಣನ್ನು ಆಗ ಎಷ್ಟು ಎಚ್ಚರಿಕೆಯಿಂದ ನಡುಮಧ್ಯಕ್ಕೆ ಮುರಿಯುತ್ತಾರೆ ನೋಡಿ!

ಎರಡು ಕೈ, ಹತ್ತು ಬೆರಳು

ಮಕ್ಕಳಿಗೆ ಡಬಲ್ ಕಲಿಸಲು ದೇವರು ಕೊಟ್ಟ ಸಲಕರಣೆ ಎಂದರೆ ಎರಡು ಕೈ. ಎಡಗೈಯಲ್ಲಿ ಮೂರು ಬೆರಳು ತೋರಿಸಿ, "ಬಲಗೈಯಲ್ಲೂ ಅಷ್ಟೇ ತೋರಿಸು" ಎನ್ನಿ. ಮೂರು, ಮೂರು, ಆರು. ಹೀಗೆ ಒಂದರಿಂದ ಐದರವರೆಗೆ ಆಡಿಸಿದರೆ 2, 4, 6, 8, 10 ತಾನಾಗಿ ಬರುತ್ತದೆ. ಒಂದು ಕೈ ಮುಚ್ಚಿದರೆ ಉಳಿದದ್ದು ಅರ್ಧ. "ಆರು ಬೆರಳಿತ್ತು, ಒಂದು ಕೈ ಬಚ್ಚಿಟ್ಟೆ, ಈಗೆಷ್ಟು?" ಎಂದು ಕೇಳಿ. ಮಕ್ಕಳಿಗೆ ಇದು ಪಾಠ ಎನಿಸುವುದೇ ಇಲ್ಲ.

ಐದು ದಾಟಿದ ಮೇಲೆ ಬೆರಳು ಸಾಲುವುದಿಲ್ಲ. ಆಗ ಇಬ್ಬರು ಮಕ್ಕಳನ್ನು ಅಕ್ಕಪಕ್ಕ ನಿಲ್ಲಿಸುತ್ತಿದ್ದೆ. ಇಬ್ಬರೂ ಏಳೇಳು ಬೆರಳು ತೋರಿಸಬೇಕು. ಅಂದರೆ ಒಂದು ಪೂರ್ತಿ ಕೈ, ಮೇಲೆ ಎರಡು ಬೆರಳು. ಇಬ್ಬರ ಪೂರ್ತಿ ಕೈ ಸೇರಿದರೆ ಹತ್ತು, ಮೇಲಿನ ಬೆರಳು ಸೇರಿದರೆ ನಾಲ್ಕು. ಹತ್ತು ಮತ್ತು ನಾಲ್ಕು ಹದಿನಾಲ್ಕು. ಆರಕ್ಕೆ ಹತ್ತು ಮತ್ತು ಎರಡು, ಎಂಟಕ್ಕೆ ಹತ್ತು ಮತ್ತು ಆರು, ಒಂಬತ್ತಕ್ಕೆ ಹತ್ತು ಮತ್ತು ಎಂಟು. ಬಾಯಿಪಾಠ ಮರೆತರೂ ಕೈ ಮರೆಯುವುದಿಲ್ಲ.

ಇಷ್ಟು ಗಟ್ಟಿಯಾದರೆ ಕೂಡುವ ಲೆಕ್ಕವೂ ಹಗುರವಾಗುತ್ತದೆ. 6 ಮತ್ತು 7 ಕೂಡಿಸಬೇಕೇ? ಆರರ ಡಬಲ್ ಹನ್ನೆರಡು, ಮೇಲೊಂದು, ಹದಿಮೂರು. 8 ಮತ್ತು 9? ಎಂಟರ ಡಬಲ್ ಹದಿನಾರು, ಮೇಲೊಂದು ಹದಿನೇಳು. ಬೆರಳು ಮಡಿಚಿ ಒಂದೊಂದೇ ಎಣಿಸುತ್ತ ಕೂರುವ ಮಗುವಿಗೆ ಇದೊಂದು ಒಳದಾರಿ ಸಿಕ್ಕಿದ ಹಾಗೆ.

ಒಂಟಿ ಉಳಿದರೆ?

ಏಳು ಗೋಲಿ, ಇಬ್ಬರು ಮಕ್ಕಳು. ಮೂರು ನಿನಗೆ, ಮೂರು ನನಗೆ, ಒಂದು ಉಳಿಯಿತು. ಇಲ್ಲಿ ನಾವು ದೊಡ್ಡವರು ಅವಸರ ಮಾಡಿ "ಬೆಸ ಸಂಖ್ಯೆಗೆ ಅರ್ಧ ಬರೋದಿಲ್ಲ" ಎಂದುಬಿಡುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಹೇಳಿಕೊಟ್ಟೆ. ಆಮೇಲೆ ಮೇಲಿನ ತರಗತಿಗೆ ಹೋದ ಮಕ್ಕಳು ಭಿನ್ನರಾಶಿ ಬಂದಾಗ "ಮಿಸ್ ಆಗುವುದಿಲ್ಲ ಎಂದಿದ್ದರಲ್ಲ" ಎಂದು ಗೊಂದಲಕ್ಕೆ ಬಿದ್ದರು. ಈಗ ಹಾಗೆನ್ನುವುದಿಲ್ಲ. "ಏನನ್ನು ಪಾಲು ಮಾಡುತ್ತಿದ್ದೀವಿ?" ಎಂದು ಕೇಳುತ್ತೇನೆ. ಗೋಲಿಯನ್ನು ಒಡೆಯಲಾಗುವುದಿಲ್ಲ, ಹಾಗಾಗಿ ಮೂರು ಮೂರು, ಒಂದು ಉಳಿಕೆ. ಹೋಳಿಗೆಯಾದರೆ? ಉಳಿದ ಒಂದನ್ನು ನಡುವೆ ಮುರಿದರೆ ಮೂರೂವರೆ, ಮೂರೂವರೆ. 'ಮೂರೂವರೆ' ಎಂಬ ಮಾತಿನೊಳಗೇ 'ಮೂರು' ಮತ್ತು 'ಅರೆ' ಎರಡೂ ಕೂತಿವೆ. ಕಿವಿಗೊಟ್ಟು ಕೇಳಿದರೆ ಮಗುವಿಗೇ ತಿಳಿಯುತ್ತದೆ.

ಹತ್ತು ದಾಟಿದ ಸಂಖ್ಯೆಗಳಿಗೆ ನಾನು ನೋಟಿನ ಆಟ ಹಿಡಿದೆ. ರಟ್ಟಿನಲ್ಲಿ ಹತ್ತು ರೂಪಾಯಿ, ಐದು ರೂಪಾಯಿ, ಒಂದು ರೂಪಾಯಿ ಕತ್ತರಿಸಿಕೊಂಡೆವು. 24ರ ಡಬಲ್ ಬೇಕೆಂದರೆ ಎರಡು ಹತ್ತರ ನೋಟಿಗೆ ನಾಲ್ಕು ಹತ್ತರ ನೋಟು, ನಾಲ್ಕು ಬಿಡಿ ರೂಪಾಯಿಗೆ ಎಂಟು ಬಿಡಿ ರೂಪಾಯಿ. ಒಟ್ಟು 48. ಹತ್ತುಗಳನ್ನು ಬೇರೆ, ಬಿಡಿಗಳನ್ನು ಬೇರೆ ಮಾಡಿಕೊಂಡರೆ ಸಾಕು.

ಅರ್ಧ ಮಾಡುವಾಗ 46, 68 ಇಂಥವು ಸುಲಭ. ತೊಡಕಾಗುವುದು 30, 50, 70ರಲ್ಲಿ. ಮೂರು ಹತ್ತರ ನೋಟು, ಇಬ್ಬರು ಪಾಲುದಾರರು. ಒಂದೊಂದು ನೋಟು ಹಂಚಿದ ಮೇಲೆ ಒಂದು ಉಳಿಯುತ್ತದೆ. "ನೋಟು ಹರಿದುಬಿಡೋಣವಾ?" ಎಂದು ನಾನು ಕೇಳಿದರೆ, "ಬೇಡ ಮಿಸ್, ಅಂಗಡೀಲಿ ಚಿಲ್ಲರೆ ಮಾಡಿಸೋಣ" ಎನ್ನುತ್ತಿದ್ದರು. ಹತ್ತಕ್ಕೆ ಎರಡು ಐದು. ಹಾಗಾಗಿ 30ರ ಅರ್ಧ 15. ಇದೊಂದು ತಿಳಿದರೆ 36 ಕೂಡ ಬಂದಂತೆ: 30ರ ಅರ್ಧ 15, 6ರ ಅರ್ಧ 3, ಒಟ್ಟು 18.

ಅಜ್ಜ ಅಜ್ಜಿಯರ ಲೆಕ್ಕ

ನಮ್ಮ ಹಿರಿಯರು ಅರ್ಧ ಮಾಡುವುದರಲ್ಲಿ ನಿಸ್ಸೀಮರು. ಅವರ ಅಳತೆಯೇ ಹಾಗಿತ್ತು. ಸೇರಿನ ಅರ್ಧ ಅಚ್ಚೇರು, ಅಚ್ಚೇರಿನ ಅರ್ಧ ಪಾವು, ಪಾವಿನ ಅರ್ಧ ಅರೆಪಾವು. 1957ರಲ್ಲಿ ನಯಾಪೈಸೆ ಬರುವವರೆಗೆ ರೂಪಾಯಿಗೆ ಹದಿನಾರು ಆಣೆ. ಅದರ ಅರ್ಧ ಎಂಟಾಣೆ, ಅದರರ್ಧ ನಾಲ್ಕಾಣೆ, ಮತ್ತೆ ಎರಡಾಣೆ, ಒಂದಾಣೆ. ಹದಿನಾರನ್ನು ಅರ್ಧ ಮಾಡುತ್ತ ಹೋದರೆ ಒಂದರವರೆಗೂ ತುಂಡಾಗದೆ ಬರುತ್ತದೆ. ನೂರನ್ನು ಮಾಡಿ ನೋಡಿ: 50, 25, ಅಲ್ಲಿಗೆ ನಿಂತಿತು! ಮನೆಯಲ್ಲಿ ಹಿರಿಯರಿದ್ದರೆ ಮಕ್ಕಳನ್ನು ಅವರ ಪಕ್ಕ ಕೂರಿಸಿ ಈ ಆಣೆ ಲೆಕ್ಕ ಹೇಳಿಸಿ. ಇಬ್ಬರಿಗೂ ಖುಷಿಯಾಗುತ್ತದೆ.

ದೊಡ್ಡ ಮಕ್ಕಳಿಗೆ ಇನ್ನೊಂದು ಸ್ವಾರಸ್ಯ. ಪುರಾತನ ಈಜಿಪ್ಟಿನವರು ಗುಣಾಕಾರವನ್ನೆಲ್ಲ ಡಬಲ್ ಮಾಡುತ್ತಲೇ ಮುಗಿಸುತ್ತಿದ್ದರು. ಕ್ರಿಸ್ತಪೂರ್ವ ಸುಮಾರು 1550ರಲ್ಲಿ ಅಹ್ಮೆಸ್ ಎಂಬ ಲಿಪಿಕಾರ ನಕಲು ಮಾಡಿದ ಲೆಕ್ಕದ ಸುರುಳಿಯೊಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಅದರಲ್ಲಿ ಈ ವಿಧಾನವಿದೆ. 13 ಸಲ 6 ಎಷ್ಟು? ಒಂದು ಸಲಕ್ಕೆ 6, ಎರಡು ಸಲಕ್ಕೆ 12, ನಾಲ್ಕು ಸಲಕ್ಕೆ 24, ಎಂಟು ಸಲಕ್ಕೆ 48. ಹದಿಮೂರು ಎಂದರೆ 8, 4 ಮತ್ತು 1. ಹಾಗಾಗಿ 48, 24, 6 ಕೂಡಿಸಿದರೆ 78. ಮಗ್ಗಿಯೇ ಬೇಕಾಗಲಿಲ್ಲ! ಮಧ್ಯಯುಗದ ಯುರೋಪಿನ ಲೆಕ್ಕದ ಪುಸ್ತಕಗಳಲ್ಲಿ ಕೂಡುವುದು, ಕಳೆಯುವುದರ ಸಾಲಿನಲ್ಲೇ ಇಮ್ಮಡಿ ಮಾಡುವುದು, ಅರ್ಧ ಮಾಡುವುದು ಎಂದು ಎರಡು ಬೇರೆ ಕ್ರಿಯೆಗಳನ್ನೇ ಹೇಳಿಕೊಡುತ್ತಿದ್ದರು. ನಾವು ಒಂದು ವಾರದಲ್ಲಿ ಮುಗಿಸಿ ಮುಂದೆ ಓಡುವ ಪಾಠಕ್ಕೆ ಅವರು ಅಷ್ಟು ಬೆಲೆ ಕೊಟ್ಟಿದ್ದರು.

ಮನೆಯಲ್ಲಿ ಆಡಿ ನೋಡಿ

ಇದಕ್ಕೆಲ್ಲ ಕಾಸು ಕೊಟ್ಟು ಕೊಳ್ಳುವ ಆಟಿಕೆ ಬೇಡ. ನಾನು ಆಡಿಸಿದ ಕೆಲವು ಆಟಗಳು ಇವು.

ಕನ್ನಡಿ ಆಟ: ನೆಲದ ಮೇಲೆ ನಾಲ್ಕು ಹುಣಸೆಬೀಜ ಇಟ್ಟು, ಪಕ್ಕಕ್ಕೆ ಒಂದು ಸಣ್ಣ ಕನ್ನಡಿ ನಿಲ್ಲಿಸಿ. ಬೀಜ ಮತ್ತು ಅದರ ನೆರಳು ಸೇರಿ ಎಂಟು ಕಾಣುತ್ತದೆ. ಕನ್ನಡಿ ತೆಗೆದರೆ ಅರ್ಧ.

ಕುಂಕುಮದ ಚುಕ್ಕಿ: ಕಾಗದವನ್ನು ನಡುವೆ ಮಡಿಚಿ ಬಿಡಿಸಿ. ಒಂದು ಬದಿಗೆ ಮಾತ್ರ ಕಲಸಿದ ಕುಂಕುಮದ ಐದು ಚುಕ್ಕಿ ಇಟ್ಟು, ಹಸಿಯಿರುವಾಗಲೇ ಮತ್ತೆ ಮಡಿಚಿ ಒತ್ತಿ. ಬಿಡಿಸಿದರೆ ಹತ್ತು ಚುಕ್ಕಿ. 'ಇಮ್ಮಡಿ' ಎಂಬ ಮಾತಿನ ಅರ್ಥ ಕಣ್ಣೆದುರಿಗೇ!

ಚಪ್ಪಲಿ ಎಣಿಕೆ: ಮನೆಗೆ ನೆಂಟರು ಬಂದಾಗ ಬಾಗಿಲ ಮುಂದಿನ ಚಪ್ಪಲಿ ಎಣಿಸಲು ಹೇಳಿ, ಒಳಗೆ ಎಷ್ಟು ಜನ ಇದ್ದಾರೆಂದು ಕೇಳಿ. ಜನ ಎಣಿಸಿ ಚಪ್ಪಲಿ ಎಷ್ಟಿರಬೇಕೆಂದೂ ಕೇಳಬಹುದು. ಲೆಕ್ಕ ತಾಳೆಯಾಗದಿದ್ದರೆ ಯಾರೋ ಬರಿಗಾಲಲ್ಲಿ ಬಂದಿದ್ದಾರೆ!

ಅಳಗುಳಿಮಣೆ: ಕರಾವಳಿಯವರ ಚೆನ್ನೆಮಣೆ. ಒಂದು ಸಾಲಿಗೆ ಏಳು ಗುಳಿ, ಎರಡು ಸಾಲಿಗೆ ಹದಿನಾಲ್ಕು. ಆಟ ಶುರುವಾಗುವ ಮುಂಚೆ ಕಾಳು ಹಂಚುವುದೇ ಒಳ್ಳೆಯ ಪಾಠ. ಅಟ್ಟದ ಮೇಲಿದ್ದರೆ ಇಳಿಸಿ.

ಎರಡು ಎಚ್ಚರಿಕೆ ಮಾತ್ರ ಇರಲಿ. ಮಗು ತಪ್ಪು ಹೇಳಿದರೆ "ಹೇಗೆ ಬಂತು, ತೋರಿಸು" ಎಂದು ಕೇಳಿ. ತಪ್ಪು ಉತ್ತರದ ಹಿಂದೆಯೂ ಬಹಳ ಸಲ ಒಂದು ಯೋಚನೆ ಇರುತ್ತದೆ, ನನ್ನ ಹುಡುಗನ ಗೆರೆಯ ಹಾಗೆ. ಇನ್ನೊಂದು, ಮಗು ಬೇಸರಪಟ್ಟ ಕೂಡಲೇ ನಿಲ್ಲಿಸಿ. ದಿನಕ್ಕೆ ಹತ್ತು ನಿಮಿಷ ಸಾಕು.

ಬಿಟ್ಟುಹೋದ ಐದು

ಆ ಹುಡುಗನ ಕಥೆ ಮುಗಿಸಿಬಿಡುತ್ತೇನೆ. ಮೂರನೇ ತರಗತಿಯ ಕೊನೆಗೆ ಒಂದು ದಿನ ಅವನ ಅವ್ವ ಶಾಲೆಯ ಹತ್ತಿರ ಬಂದಳು. ಮಗನ ಮೇಲೆ ದೂರು ಹೇಳಲು ಬಂದಳೇನೋ ಎಂದುಕೊಂಡೆ.

"ಮೇಡಮ್ಮೋರೆ, ನಿನ್ನೆ ಒಂದು ವಿಷ್ಯ ಆಯ್ತು" ಎಂದಳು. ಅವರಿಗೆ ಕೂಲಿ ಸುಲಿದ ಕಾಯಿಯ ಲೆಕ್ಕದ ಮೇಲೆ. ಆ ಹೊತ್ತಿಗೆ ಅರವತ್ತೈದು ಜೊತೆ ಎಣಿಕೆಯಾಗಿತ್ತು. ಲೆಕ್ಕ ಬರೆಯುವವರು ಪುಸ್ತಕದಲ್ಲಿ 120 ಕಾಯಿ ಎಂದು ಬರೆದರಂತೆ. ಗಂಡ ಹೆಂಡತಿ ಇಬ್ಬರಿಗೂ ಓದು ಬಾರದು, ಸುಮ್ಮನೆ ನಿಂತಿದ್ದರು. ಪಕ್ಕದಲ್ಲಿದ್ದ ಹುಡುಗ, "ಅರವತ್ತರ ಡಬಲ್ ನೂರ ಇಪ್ಪತ್ತು ಸರಿ. ಆದ್ರೆ ಮೇಲಿನ ಐದು ಜೊತೆ ಬಿಟ್ಟಿದ್ದೀರಲ್ಲಾ? ಅದರದ್ದು ಹತ್ತು ಸೇರಿದ್ರೆ ನೂರ ಮೂವತ್ತು" ಎಂದನಂತೆ. ಬರೆಯುವವರು ಕಣ್ಣರಳಿಸಿ, ಮತ್ತೊಮ್ಮೆ ನೋಡಿ, "ಹೌದಲ್ಲೋ ಮರಿ" ಎಂದು ತಿದ್ದಿ ಬರೆದರಂತೆ.

"ಬೇಕೂಂತ ಮಾಡಿದ್ದಲ್ಲ ಬಿಡಿ, ಅವರೂ ಮರೆತಿದ್ರು. ಆದ್ರೆ ಹಿಂದೆ ಎಷ್ಟು ಸಲ ಹಿಂಗೆ ಹೋಗಿತ್ತೋ ನಮಗೇನು ಗೊತ್ತಿತ್ತು?" ಎಂದು ಅವಳು ನಕ್ಕಳು. ಸೆರಗಿನ ಗಂಟಿನಿಂದ ಎರಡು ಚಿಕ್ಕಿ ತೆಗೆದು ನನ್ನ ಕೈಗಿತ್ತಳು.

ಹುಡುಗ ದೂರದಲ್ಲಿ ನಿಂತು ನೋಡುತ್ತಿದ್ದ. ಹತ್ತಿರ ಕರೆದು, ಎರಡು ಚಿಕ್ಕಿಯನ್ನೂ ಅವನ ಅಂಗೈ ಮೇಲಿಟ್ಟು, "ಇದರ ಅರ್ಧ ಎಷ್ಟೋ?" ಎಂದು ಕೇಳಿದೆ. ಅವನು ಏನೂ ಹೇಳಲಿಲ್ಲ. ಒಂದನ್ನು ನನಗೆ ಕೊಟ್ಟು, ಇನ್ನೊಂದನ್ನು ಬಾಯಿಗೆ ಹಾಕಿಕೊಂಡು ಓಡಿದ.